ಹಸಿರು ಬಿಲ್ಲೆ

ಪರದೆಯ ಮೇಲೆ ದಿನವೂ ಹಲ್ಲು ಕಿರಿದು ನಗುತ್ತಿದ್ದ ಬಾಯಿ ಅವತ್ತು ಬೆಳಿಗ್ಗೆ ಮಾಯವಾಗಿತ್ತು.

ಆ ಬಾಯಿಯ ಕೆಳಗೆ ಎರಡು ಚೌಕಗಳು ಇರುತ್ತಿದ್ದವು. ಮೇಲಿನದರಲ್ಲಿ ಹೆಸರು, ಕೆಳಗಿನದರಲ್ಲಿ ಪಾಸ್‌ವರ್ಡ್. ನೀಲಿ ಗುಂಡಿ ಅದುಮಿದರೆ ಮುಗಿಯಿತು, ಒಳಗೆ. ದೊಡ್ಡಕ್ಕ ಅದನ್ನು ನೋಡದೆಯೇ ಒತ್ತುತ್ತಿದ್ದಳು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈ ಟಪಟಪ ಕೀಲಿಗಳ ಮೇಲೆ, ಬಾಯಲ್ಲಿ ಯಾರಿಗೋ ಬೈಗುಳ. ಈಗ ನೋಡಿದರೆ ಬಟ್ಟಬಯಲು. ಬಿಳೀ ಪರದೆಯ ನಡುವೆ ಸಾಲಾಗಿ ಬಣ್ಣಬಣ್ಣದ ಬಿಲ್ಲೆಗಳು, ಒಂದೊಂದರ ಹೊಟ್ಟೆಯಲ್ಲಿ ಒಂದೊಂದು ಅಕ್ಷರ, ಪಕ್ಕದಲ್ಲಿ ಸಣ್ಣದಾಗಿ ಹೆಸರು. ಎಲ್ಲಕ್ಕೂ ಮೇಲೆ ಒಂದು ಸಾಲು: ನಿಮ್ಮ ಖಾತೆಯನ್ನು ಆರಿಸಿಕೊಳ್ಳಿ.

ಅಯ್ಯೋ, ಇದೇನಪ್ಪಾ ಎಂದುಕೊಂಡಳು. ಗಟ್ಟಿಯಾಗಿ ಅನ್ನಲಿಲ್ಲ. ಅನ್ನುವ ಹಾಗಿರಲಿಲ್ಲ. ಯಾಕೆ ಅನ್ನುವ ಹಾಗಿರಲಿಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ.

ಅದು ಹಲ್ಲು ಮಾಡುವ ಲ್ಯಾಬು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಪ್ಲಾಸ್ಟರಿನವನು ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆ ಮಾಡುತ್ತಾನೆ. ಮೇಣದ ಮೇಜಿನಲ್ಲಿ ಅದರ ಮೇಲೆ ಹಲ್ಲಿನ ಆಕಾರ ಕೆತ್ತುತ್ತಾರೆ. ಅದು ಫರ್ನೇಸಿಗೆ ಹೋಗಿ ನಿಜವಾದ ಹಲ್ಲಾಗಿ ಬಂದಮೇಲೆ ಪಾಲಿಶ್ ಮಾಮ ತಿಕ್ಕಿ ಹೊಳಪು ಕೊಡುತ್ತಾನೆ. ಕೊನೆಗೆ ಕಿಟಕಿ ಪಕ್ಕದ ಮೇಜು, ದೊಡ್ಡಕ್ಕನ ಕೈ. ಅವಳು ಮೇಲಿನ ದವಡೆ ಕೆಳಗಿನ ದವಡೆ ಜೋಡಿಸಿ, ನಡುವೆ ನೀಲಿ ಕಾಗದ ತೂರಿಸಿ, ಟಕ್ ಟಕ್ ಎಂದು ಕಚ್ಚಿಸಿ ನೋಡುತ್ತಾಳೆ. ಬಣ್ಣದ ಹಲ್ಲುಗಳನ್ನು ಸಾಲಾಗಿ ಪೋಣಿಸಿದ ಪಟ್ಟಿಯೊಂದಿದೆ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ಹೊಂದಿಸುತ್ತಾಳೆ. ಎಲ್ಲ ಸರಿಯಿದ್ದರೆ ಕಂಪ್ಯೂಟರಿನಲ್ಲಿ 'ಪಾಸ್' ಒತ್ತುತ್ತಾಳೆ. ಅವಳು ಹೂಂ ಅನ್ನದೆ ಒಂದು ಹಲ್ಲೂ ಯಾರ ಬಾಯಿಗೂ ಹೋಗುವುದಿಲ್ಲ.

ಕಂಪ್ಯೂಟರು ಇರುವುದು ಒಂದೇ, ದೊಡ್ಡಕ್ಕನ ಮೇಜಿನ ಪಕ್ಕದ ಸ್ಟ್ಯಾಂಡಿನ ಮೇಲೆ. ತಂತಮ್ಮ ಕೆಲಸ ಮುಗಿದ ಕೂಡಲೇ ಪ್ರತಿಯೊಬ್ಬರೂ ಬಂದು ತಂತಮ್ಮ ಹೆಸರಿನಲ್ಲಿ ಒಳಗೆ ಹೋಗಿ, 'ಆಯ್ತು' ಎಂದು ಒತ್ತಿ, ಹೊರಗೆ ಬರಬೇಕು. ಈ ಸಾಫ್ಟ್‌ವೇರ್ ಮೊದಲು ಬಂದಾಗ ಎಲ್ಲರೂ ಕೈ ಚೆಲ್ಲಿದ್ದರು. ದೊಡ್ಡಕ್ಕ ಒಬ್ಬಳೇ ಹಟ ಹಿಡಿದು ಕಲಿತು, ಬೈದು ಬೈದು ಎಲ್ಲರಿಗೂ ಕಲಿಸಿದ್ದಳು. ಅಂದಿನಿಂದ ಯಾರಿಗೆ ಏನೇ ತಿಳಿಯದಿದ್ದರೂ ಅವಳದು ಒಂದೇ ಮಾತು.

"ಓದಿ ನೋಡಿ. ಅದರಲ್ಲೇ ಬರೆದಿದೆ."

ಲಾಗಿನ್ ಬದಲಾಗುತ್ತದೆ, ಎಲ್ಲರೂ ಫೋನಿಗೆ ಒಂದು ಆ್ಯಪ್ ಹಾಕಿಕೊಳ್ಳಬೇಕು, ಇನ್ನುಮುಂದೆ ಫೋನಿಗೆ ಬರುವ ನಂಬರ್ ಕೊಟ್ಟರೇ ಒಳಗೆ ಬಿಡುವುದು ಎಂದು ಮಾಲೀಕ ಹೇಳಿದಾಗಲೂ ಅಷ್ಟೇ. "ದೊಡ್ಡಕ್ಕ, ನೀವೊಂಚೂರು ನೋಡ್ಕೊಂಡ್ಬಿಡಿ" ಎಂದು ಅವಳ ಮೇಲೆ ಭಾರ ಹಾಕಿ ಅವನು ನಿಶ್ಚಿಂತನಾದ. ಮಾಲೀಕ ಚಿಕ್ಕ ವಯಸ್ಸಿನವನು, ಲ್ಯಾಬು ಅವನ ಅಪ್ಪನದು. ಶಾಲೆ ಬಿಟ್ಟು ಬಂದು ಇದೇ ಮೇಜಿನ ಕೆಳಗೆ ಪ್ಲಾಸ್ಟರ್ ಉಂಡೆ ಕಟ್ಟಿ ಆಡುತ್ತಿದ್ದವನು ದೊಡ್ಡಕ್ಕನಿಗೆ ಇಂದಿಗೂ ಎದುರು ಮಾತಾಡುವುದಿಲ್ಲ.

ಪಾಲಿಶ್ ಮಾಮ ಫೋನ್ ಹಿಡಿದು ಬಂದಿದ್ದ. "ಇಲ್ಲೇನೋ ಒಪ್ಕೊಳ್ತೀರಾ ಅಂತ ಕೇಳ್ತಿದೆ ಅಕ್ಕ. ಒಪ್ಕೊಂಡ್ರೆ ಏನಾದ್ರೂ ಆಗುತ್ತಾ?"

"ಹಲ್ಲಿನ ಮೇಲೆ ಕೂದಲೆಳೆಯಷ್ಟು ಗೀರಿದ್ರೂ ನಿಮ್ಮ ಕಣ್ಣಿಗೆ ಬೀಳುತ್ತೆ, ಇಷ್ಟು ದಪ್ಪಕ್ಷರ ಕಾಣಲ್ವಾ ಮಾಮ? ಓದಿ ನೋಡಿ! ಮೊಮ್ಮಗು ಹತ್ರ ಆದ್ರೂ ಓದಿಸ್ಕೊಳಿ."

ಎಲ್ಲರೂ ಗೊಳ್ಳೆಂದು ನಕ್ಕರು. ಮಾಮನೂ ನಕ್ಕ. ಫೋನನ್ನು ಏಪ್ರನ್ನಿಗೆ ಒರೆಸಿಕೊಂಡು ತನ್ನ ಜಾಗಕ್ಕೆ ಹೋದ. ಸಂಜೆ ಮಾಲೀಕ ಎಲ್ಲರದೂ ಆಯಿತೇ ಎಂದು ಕೇಳಿದಾಗ ದೊಡ್ಡಕ್ಕ, "ಎಲ್ಲಾರದ್ದೂ ಆಯ್ತು. ನಂದಂತೂ ಅವತ್ತೇ ಆಯ್ತು" ಎಂದಿದ್ದಳು. ಅವಳದು ಆ್ಯಪ್ ಹಾಕಿಕೊಂಡಷ್ಟೇ ಆಗಿತ್ತು. ತೆರೆದು ನೋಡಿರಲಿಲ್ಲ. ನಾನೇ ಕಲಿಸಿದವಳು, ನನಗೇನು ಮಹಾ ಎಂಬ ಧಿಮಾಕು.

ಆ ಧಿಮಾಕು ಈಗ ಬಿಳೀ ಪರದೆಯ ಮುಂದೆ ಕೈಚೀಲ ತಗುಲಿಸಿಕೊಂಡು ನಿಂತಿತ್ತು.

ಅವಳು ತನ್ನ ನೇರಳೆ ಬಿಲ್ಲೆ ಒತ್ತಿದಳು. ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಆಮೇಲೆ ಸಣ್ಣಕ್ಷರದ ಒಂದು ಪ್ಯಾರಾ, ಅದರ ಕೆಳಗೆ ನಂಬರ್ ತುಂಬುವ ಖಾಲಿ ಮನೆಗಳು. ಫೋನಿಗೆ ನಂಬರ್ ಬರುತ್ತದಲ್ಲ, ಬರಲಿ ಎಂದು ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕಾದಳು. ಬರಲಿಲ್ಲ. ಮತ್ತೆ ಕಳಿಸು ಎಂದು ಒತ್ತಿದಳು. ಫೋನು ತಣ್ಣಗೆ ಕೂತಿತ್ತು. ಮತ್ತೆ ಒತ್ತಿದಳು, ಮತ್ತೆ. ಪರದೆಯ ಮೇಲೆ ಕೆಂಪಕ್ಷರ ಎದ್ದಿತು: ಬಹಳ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಕಿವಿ ಬಿಸಿಯಾಯಿತು. ಹಿಂದೆ ಪ್ಲಾಸ್ಟರಿನವನು ಬಿಳೀ ಕೈ ಒರೆಸಿಕೊಳ್ಳುತ್ತ ತನ್ನ ಸರದಿಗೆ ನಿಂತಿದ್ದ.

"ನೆಟ್‌ವರ್ಕೇ ಸರಿಯಿಲ್ಲ ಇವತ್ತು" ಎಂದಳು, ಅವನು ಏನೂ ಕೇಳದಿದ್ದರೂ.

ಹಾಗೆನ್ನುತ್ತಲೇ ಹಿಂದಿನ ಪುಟಕ್ಕೆ ಬಂದು, ನೇರಳೆಯ ಪಕ್ಕದ ಹಸಿರು ಬಿಲ್ಲೆ ಒತ್ತಿದಳು. ಕೈ ತಪ್ಪಿ ಒತ್ತಿದಳೋ, ಬೇಕೆಂದೇ ಒತ್ತಿದಳೋ, ಆ ಕ್ಷಣ ಅವಳಿಗೂ ಗೊತ್ತಿರಲಿಲ್ಲ. ಹಸಿರು ಬಿಲ್ಲೆ ಏನೂ ಕೇಳಲಿಲ್ಲ, ಸೀದಾ ತೆರೆದುಕೊಂಡಿತು. ಒಳಗೆ ಎಲ್ಲ ಹಳೆಯ ಹಾಗೇ ಇತ್ತು. ಅದೇ ಕೆಲಸಗಳ ಪಟ್ಟಿ, ಅದೇ 'ಪಾಸ್' ಗುಂಡಿ. ಸಣ್ಣ ಲ್ಯಾಬು, ಗುಂಡಿ ಎಲ್ಲರ ಪುಟದಲ್ಲೂ ಇತ್ತು, ಒತ್ತುವ ಅಧಿಕಾರ ಮಾತ್ರ ಅವಳದು. ಹೋದ ಜೀವ ಬಂದಂತಾಯಿತು. ಬಂದ ಕೆಲಸವನ್ನೆಲ್ಲ ಅದರಲ್ಲೇ ಪಾಸ್ ಮಾಡಿದಳು.

ಹಸಿರು ಬಿಲ್ಲೆ ಹೊಸಬಳದು.

ಹೊಸಬಳು ಎಂದರೆ ಮೇಣದ ಮೇಜಿನವಳು. ಸೇರಿ ವರ್ಷವಾಗುತ್ತ ಬಂದಿದ್ದರೂ ಅವಳ ನಂತರ ಯಾರೂ ಸೇರದ ಕಾರಣ ಆ ಹೆಸರು ಅಂಟಿಕೊಂಡೇ ಇತ್ತು. ಒಬ್ಬಳೇ ಮಗಳನ್ನು ಸಾಕುತ್ತಿದ್ದಳು. ಮಗಳನ್ನು ಶಾಲೆಗೆ ಬಿಟ್ಟು ಎಲ್ಲರಿಗಿಂತ ಮೊದಲು ಬರುತ್ತಾಳೆಂದು ಲ್ಯಾಬಿನ ಬೀಗದ ಕೈ ಅವಳ ಹತ್ತಿರವೇ ಇತ್ತು. ಮಾತು ಕಡಿಮೆ, ಕೈ ಚುರುಕು. ಈ ಕೆಲಸ ಕೊಡಿಸಿದ್ದು ದೊಡ್ಡಕ್ಕನೇ, "ನನ್ನ ಜವಾಬ್ದಾರಿ" ಎಂದು ಮಾಲೀಕನಿಗೆ ಹೇಳಿ. ಈ ತಿಂಗಳು ಕಳೆದರೆ ಅವಳ ಕೆಲಸ ಖಾಯಂ ಆಗುವುದರಲ್ಲಿತ್ತು.

ಮನೆಯಲ್ಲಿ ದೊಡ್ಡಕ್ಕ ಊಟದ ಮೇಜಿನ ಮೇಲೆ ಫೋನನ್ನಿಟ್ಟುಕೊಂಡು ಅದನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಕೈಗೆ ಅಂಟಿದ ಗ್ರೀಸನ್ನು ತಿಕ್ಕಿ ತಿಕ್ಕಿ ತೊಳೆಯುತ್ತಲೇ ವಿಷಯ ಕೇಳಿ ತಿಳಿದುಕೊಂಡ.

"ಓನರ್‌ಗೆ ಒಂದು ಮಾತು ಹೇಳಿದ್ರೆ ಮುಗೀತಲ್ಲೇ."

"ನಿಮಗೇನು ಗೊತ್ತು, ಸುಮ್ನಿರಿ. ಎಲ್ಲಾರಿಗೂ ಹೇಳ್ಕೊಡೋಳು ನಾನು."

"ಅದೇ ನಾನೂ ಹೇಳ್ತಿರೋದು. ನೀನು ಕೇಳಿದ್ರೆ ಬೇರೆಯೋರಿಗೂ ಕೇಳೋಕೆ ಧೈರ್ಯ ಬರುತ್ತೆ."

"ನಿಮ್ಮ ಬಸ್ಸು ನೀವು ನೋಡ್ಕೊಳಿ" ಎಂದು ಎದ್ದು ಹೋದಳು.

ಮರುದಿನವೂ ಹಸಿರು ಬಿಲ್ಲೆ ತೆರೆದಿತ್ತು. ಅದರ ಮರುದಿನವೂ. ಇವಳು ಎಂಥ ಮರೆಗುಳಿ, ದಿನಾ ತೆರೆದಿಟ್ಟೇ ಹೋಗುತ್ತಾಳಲ್ಲ ಎಂದು ದೊಡ್ಡಕ್ಕ ಮನಸ್ಸಿನಲ್ಲೇ ಅವಳನ್ನು ಬೈದೂ ಬೈದಳು. ಬೈದು, ಅದೇ ಬಾಗಿಲಿನಿಂದ ಒಳಗೆ ಹೋದಳು. ನಾಳೆ ಸರಿ ಮಾಡಿಕೊಂಡರಾಯಿತು ಎನ್ನುತ್ತ ವಾರಗಳು ಉರುಳಿದವು. ನಾಚಿಕೆ ಇರಲಿಲ್ಲವೆಂದಲ್ಲ. ಪ್ರತಿ ಬೆಳಿಗ್ಗೆ ಆ ಬಿಲ್ಲೆಯ ಮೇಲೆ ಬೆರಳಿಡುವಾಗ ಯಾರಾದರೂ ನೋಡಿದರೇ ಎಂದು ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಆದರೆ ಬಾಯಿ ಬಿಟ್ಟು ಕೇಳುವ ನಾಚಿಕೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.

ಒಂದು ದಿನ ಮಗಳಿಗೆ ಜ್ವರವೆಂದು ಹೊಸಬಳು ರಜೆ ಹಾಕಿದಳು. ಬೀಗದ ಕೈಯನ್ನು ಹಿಂದಿನ ಸಂಜೆಯೇ ಮಾಮನಿಗೆ ಕೊಟ್ಟು ಹೋಗಿದ್ದಳು. ಹಸಿರು ಬಿಲ್ಲೆ ಅವತ್ತೂ ತೆರೆದೇ ಇತ್ತು. ದೊಡ್ಡಕ್ಕನ ಮೇಜಿಗೆ ಮುಂದಿನ ಎರಡು ಹಲ್ಲುಗಳ ಕ್ಯಾಪ್ ಬಂತು. ಕಚ್ಚಿಸಿ ನೋಡಿದಳು, ಕರಾರುವಾಕ್ಕು. ಆರ್ಡರಿನಲ್ಲಿದ್ದ ಬಣ್ಣವನ್ನು ಪಟ್ಟಿಯೊಂದಿಗೆ ಕಿಟಕಿಯ ಬೆಳಕಿಗೆ ಹಿಡಿದಳು, ಅದೂ ಸರಿ. ಪಾಸ್ ಒತ್ತಿದಳು.

ಅವಳಿಗೆ ಹೊಳೆಯದೇ ಹೋದದ್ದು ಒಂದಿತ್ತು. ಡಾಕ್ಟರುಗಳು ಕೊನೆ ಗಳಿಗೆಯಲ್ಲಿ ಕಳಿಸುವ ಸೂಚನೆಗಳು ಬರುವುದು ದೊಡ್ಡಕ್ಕನ ಪುಟಕ್ಕೆ ಮಾತ್ರ, ಏಕೆಂದರೆ ಕೊನೆಯ ಮಾತು ಅವಳದು. ಹೊಸಬಳ ಪುಟದಲ್ಲಿ ಅವು ಬರುವುದಿಲ್ಲ. ಇಷ್ಟು ದಿನ ಯಾಕೆ ಒಂದೂ ಸೂಚನೆಯಿಲ್ಲ ಎಂದು ಅವಳು ಯೋಚಿಸಬೇಕಿತ್ತು. ಒಳಗೆ ಹೋಗಲು ದಾರಿ ಸಿಕ್ಕಿತೆಂಬ ಸಮಾಧಾನದಲ್ಲಿ ಅಷ್ಟು ದೂರ ಯೋಚನೆ ಹೋಗಲೇ ಇಲ್ಲ.

ಆ ಎರಡು ಹಲ್ಲು ಡಬ್ಬಿ ಸಮೇತ ವಾಪಸು ಬಂದವು. ಜೊತೆಗೆ ಡಾಕ್ಟರಮ್ಮನ ಫೋನು. ಲ್ಯಾಬಿಗೆ ಅತಿ ಹೆಚ್ಚು ಕೆಲಸ ಕೊಡುವವರೇ ಅವರು. ಮಾಲೀಕ ಫೋನಿಟ್ಟು ಕೋಣೆಯಿಂದ ಹೊರಬಂದಾಗ ಅವನ ಮುಖ ಕೆಂಪಗಾಗಿತ್ತು. ಎಲ್ಲರನ್ನೂ ದೊಡ್ಡಕ್ಕನ ಮೇಜಿನ ಸುತ್ತ ಕರೆದ.

"ಪೇಷೆಂಟ್ ಒಬ್ರು ಟಿಕೆಟ್ ಕೌಂಟರಲ್ಲಿ ಕೂರೋ ಹೆಂಗಸು. ದಿನಾ ನೂರಾರು ಜನರ ಜೊತೆ ಮಾತಾಡ್ಬೇಕು, ಮಾತಾಡೋವಾಗೆಲ್ಲ ಬಾಯಿಗೆ ಕೈ ಅಡ್ಡ ಇಟ್ಕೊಳ್ತಿದ್ರಂತೆ. ಬಣ್ಣ ಇನ್ನೊಂದು ಮೆಟ್ಟಿಲು ಮಂದ ಮಾಡಿ, ಇಲ್ಲಾಂದ್ರೆ ಕಣ್ಣಿಗೆ ರಾಚುತ್ತೆ ಅಂತ ಡಾಕ್ಟ್ರು ಬರೆದು ಕಳಿಸಿದ್ದಾರೆ. ನಾವು ಸುಣ್ಣ ಹೊಡೆದ ಹಾಗೆ ಕಳಿಸಿದ್ದೀವಿ. ಕನ್ನಡಿ ನೋಡಿ ಆಯಮ್ಮ ಕುರ್ಚಿ ಮೇಲೇ ಅತ್ಬಿಟ್ರಂತೆ."

ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಇದನ್ನ ಪಾಸ್ ಮಾಡಿದ್ದು ಯಾರು ಅಂತ ನೋಡ್ದೆ." ಅವನು ಹೊಸಬಳ ಕಡೆ ತಿರುಗಿದ. "ನಿಮ್ಮ ಹೆಸರಿದೆ, ದೊಡ್ಡಕ್ಕಂದಲ್ಲ. ಅವರು ಒತ್ತಿದ್ರೆ ಅವರ ಹೆಸರೇ ಬರ್ತಿತ್ತು. ನೀವು ರಜೆ ಇದ್ದ ದಿನ. ರಜೆಯಲ್ಲಿ ಇದ್ದೋರು ಪಾಸ್ ಹೇಗೆ ಮಾಡಿದ್ರಿ? ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೀರಿ?"

"ಯಾರಿಗೂ ಕೊಟ್ಟಿಲ್ಲ ಸರ್. ತೆರೆದಿಟ್ಟು ಹೋಗಿದ್ದೆ."

"ತೆರೆದಿಡಬಾರದು ಅಂತ ಗೊತ್ತಿಲ್ವಾ?"

"ಗೊತ್ತಿತ್ತು ಸರ್."

"ಮತ್ತೆ ಒತ್ತಿದ್ದು ಯಾರು?"

ಹೊಸಬಳು ನೆಲ ನೋಡಿದಳು. "ಗೊತ್ತಿಲ್ಲ ಸರ್."

ದೊಡ್ಡಕ್ಕನ ಕೈಯಲ್ಲಿ ಬಣ್ಣದ ಪಟ್ಟಿ ಇತ್ತು. ಈಗ ಹೇಳಬೇಕು, ಈಗ, ಎಂದು ಮನಸ್ಸು ಹೇಳುತ್ತಿತ್ತು. ನಾನು ಅಂದರೆ ಮುಂದಿನ ಪ್ರಶ್ನೆ ಯಾಕೆ ಎಂದಿರುತ್ತದೆ. ಲಾಗಿನ್ ಬರಲಿಲ್ಲ ಎನ್ನಬೇಕು. ಮಾಮನ ಎದುರಿಗೆ, ಪ್ಲಾಸ್ಟರಿನವನ ಎದುರಿಗೆ. ಒಂದು ಉಸಿರು ಬಿಟ್ಟು ಹೇಳೋಣವೆಂದುಕೊಂಡಳು. ಇನ್ನೊಂದು ಉಸಿರು ಬಿಟ್ಟು. ಅಷ್ಟರಲ್ಲಿ ಮಾಲೀಕ, "ಬೀಗದ ಕೈ ಕೊಟ್ಟು ನಂಬಿದ್ವಿ. ನಾಳೆಯಿಂದ ಬರೋದು ಬೇಡ" ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಎಲ್ಲರೂ ಚದುರಿದರು. ಪಾಲಿಶ್ ಯಂತ್ರ ಮತ್ತೆ ಗುಂಯ್‌ಗುಟ್ಟಿತು. ಅಷ್ಟು ಹೊತ್ತಿನಲ್ಲಿ ಒಂದು ಮಾತು ಹೊರಡಿಸಲಾಗದ ತನ್ನ ಬಾಯಿಯ ಮೇಲೆ ದೊಡ್ಡಕ್ಕನಿಗೆ ಅಸಹ್ಯ ಹುಟ್ಟಿತು.

ಕೈತೊಳೆಯುವ ಬೇಸಿನ್ನಿನ ಹತ್ತಿರ ಹೊಸಬಳು ತನ್ನ ಕೆತ್ತುವ ಸಲಾಕೆಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ದೊಡ್ಡಕ್ಕನಿಗೆ ಮಾತು ಶುರುಮಾಡುವುದು ಸುಲಭವಾಗುತ್ತಿತ್ತು.

"ಯಾಕೆ ಹೇಳ್ಲಿಲ್ಲ ಕಣೆ?"

"ಏನಂತ ಹೇಳ್ಲಿ ಅಕ್ಕ?"

"ಒತ್ತಿದ್ದು ನಾನು ಅಂತ. ನಿಂಗೆ ಗೊತ್ತಿತ್ತು ತಾನೆ?"

ಹೊಸಬಳು ಸಲಾಕೆ ಒರೆಸುವುದನ್ನು ನಿಲ್ಲಿಸಲಿಲ್ಲ. "ನೀವೂ ಅಲ್ಲೇ ಇದ್ರಲ್ಲ ಅಕ್ಕ."

ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೇ.

"ಮೊದಲನೇ ದಿನ ನಾನು ಮೇಣದ ಮೇಜಿಂದ ನೋಡ್ತಿದ್ದೆ" ಎಂದಳು ಹೊಸಬಳು. "ಒತ್ತಿದ್ದೇ ಒತ್ತಿದ್ದು ನೀವು. ಕಿವಿಯೆಲ್ಲ ಕೆಂಪಾಗಿತ್ತು. ನಂದಿನ್ನೂ ಮುಚ್ಚಿರ್ಲಿಲ್ಲ, ಆಮೇಲೆ ಅದ್ರಲ್ಲಿ ಹೋದ್ರಿ. ಸರಿ, ಅಕ್ಕನಿಗೆ ಮುಜುಗರ ಆಗೋದು ಬೇಡ ಅಂತ ದಿನಾ ಬೆಳಿಗ್ಗೆ ಬಂದು ತೆರೆದಿಡ್ತಿದ್ದೆ. ರಜೆ ಹಾಕೋ ಹಿಂದಿನ ಸಂಜೇನೂ ಹಾಗೇ ಬಿಟ್ಟು ಹೋಗಿದ್ದೆ. ಹೇಳ್ಕೊಡ್ಲಾ ಅಂತ ಕೇಳ್ಬೇಕು ಅನ್ಸ್ತು. ನಿಮಗೆ ಹೇಳ್ಕೊಡೋ ಅಷ್ಟು ದೊಡ್ಡೋಳಾ ನಾನು ಅಂತ ಸುಮ್ನಾದೆ."

"ಮರೆತು ಹೋಗ್ತಿದ್ದೀಯ ಅಂದ್ಕೊಂಡಿದ್ದೆ."

"ನಾನು ಮರೆಯಲ್ಲ ಅಕ್ಕ."

ನೆಲ ಬಾಯಿ ಬಿಡಬಾರದೇ ಎಂದು ಜನ ಸುಮ್ಮಸುಮ್ಮನೆ ಅನ್ನುವುದಿಲ್ಲ. ಪ್ರತಿ ಬೆಳಿಗ್ಗೆ ಕತ್ತು ತಿರುಗಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು ಆ ಬಿಲ್ಲೆ ಒತ್ತಿದ್ದು ದೊಡ್ಡಕ್ಕನ ಕಣ್ಣ ಮುಂದೆ ಬಂತು. ಅವಳು ಕದ್ದು ಹೋಗುತ್ತಿದ್ದ ಬಾಗಿಲನ್ನು ಒಬ್ಬಳು ಅವಳಿಗೋಸ್ಕರವೇ ದಿನವೂ ತೆರೆದಿಡುತ್ತಿದ್ದಳು. ಅಂಥವಳನ್ನು ಮರೆಗುಳಿ ಎಂದು ಬೈದುಕೊಂಡಿದ್ದಳು.

"ಏಪ್ರನ್ ತೆಗೀಬೇಡ. ಅಲ್ಲೇ ನಿಂತಿರು" ಎಂದು ಹೇಳಿ ಮಾಲೀಕನ ಕೋಣೆಯ ಬಾಗಿಲು ತಟ್ಟಿದಳು.

ಮಾಲೀಕ ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು, ಅವಳು ಎಣಿಸದೇ ಇದ್ದದ್ದನ್ನು ಮಾಡಿದ. ನಕ್ಕ.

"ದೊಡ್ಡಕ್ಕ, ನಿಮ್ಮ ಮನಸ್ಸು ನಂಗೊತ್ತಿಲ್ವಾ? ನೀವು ಕರ್ಕೊಂಡು ಬಂದ ಹುಡುಗಿ, ಮಗು ಬೇರೆ ಇದೆ, ಪಾಪ ಅನ್ಸಿದೆ. ಆದ್ರೆ ಅವಳ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ. ನಿಮಗೆ ಲಾಗಿನ್ ಬರಲ್ಲ ಅಂದ್ರೆ ಯಾರು ನಂಬ್ತಾರೆ? ಇಡೀ ಲ್ಯಾಬಿಗೆ ಕಲಿಸಿದ್ದು ನೀವು."

ಇಲ್ಲೇ ನಿಂತುಬಿಡಬಹುದಿತ್ತು. ನಿಜ ಹೇಳಿ ಆಗಿತ್ತು, ಅವನು ನಂಬದಿದ್ದರೆ ಅದು ಅವನ ಹಣೆಬರಹ. ಮೇಲಾಗಿ ದೊಡ್ಡ ಮನಸ್ಸಿನವಳೆಂಬ ಹೆಸರೂ ಬರುತ್ತಿತ್ತು. ಆ ಆಸೆ ಒಂದು ಕ್ಷಣ ಅವಳೊಳಗೆ ಸುಳಿದದ್ದು ನಿಜ. ಆಮೇಲೆ ಅದಕ್ಕೂ ನಾಚಿಕೊಂಡಳು.

"ಬಾ ಇಲ್ಲಿ" ಎಂದಳು. ಅವನು ಮಾಲೀಕನಾದಮೇಲೆ ಅವಳು ಏಕವಚನ ಬಳಸಿದ್ದು ಅದೇ ಮೊದಲು. ಅವನು ಎದ್ದು ಬಂದ.

ಕಂಪ್ಯೂಟರಿನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಯಂತ್ರ ನಿಲ್ಲಿಸಿ ಮಾಮ ತಿರುಗಿ ನೋಡಿದ. ಪ್ಲಾಸ್ಟರಿನವನು ಬಾಗಿಲಿಗೆ ಬಂದು ನಿಂತ. ಹೊಸಬಳು ಬೇಸಿನ್ನಿನ ಹತ್ತಿರವೇ ಇದ್ದಳು. ದೊಡ್ಡಕ್ಕ ಹಸಿರು ಬಿಲ್ಲೆಯಿಂದ ಹೊರಬಂದು ತನ್ನ ನೇರಳೆ ಬಿಲ್ಲೆ ಒತ್ತಿ ಪಾಸ್‌ವರ್ಡ್ ಕೊಟ್ಟಳು. ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟಳು. ಫೋನು ಸದ್ದಿಲ್ಲದೆ ಬಿದ್ದಿತ್ತು. ಮತ್ತೆ ಕಳಿಸು ಎಂದು ಒತ್ತಿದಳು. ಏನೂ ಬರಲಿಲ್ಲ.

"ನೋಡಿ. ಬರಲ್ಲ. ಸ್ಕ್ರೀನ್ ಬದಲಾದ ದಿನದಿಂದ ಒಂದು ಸಲಾನೂ ಬಂದಿಲ್ಲ. ಎಲ್ಲಾರದ್ದೂ ಆಯ್ತು ಅಂತ ನಿಮಗೆ ಹೇಳಿದ್ನಲ್ಲ, ಸುಳ್ಳು ಹೇಳ್ದೆ."

ಮಾಲೀಕನ ನಗು ಹೋಗಿತ್ತು. ಅವನು ಬಗ್ಗಿ ಪರದೆ ನೋಡಿದ. "ಏನು ಬರೆದಿದೆ ಅದರಲ್ಲಿ? ಓದಿ ನೋಡಿದ್ರಾ?"

ಬೇಕೆಂದು ಅಂದದ್ದಲ್ಲ. ಎಲ್ಲರೂ ಅನ್ನುವ ಮಾತು. ಆದರೂ ಮಾಮ ಚಟ್ಟನೆ ಬೇರೆ ಕಡೆ ಮುಖ ತಿರುಗಿಸಿದ.

ದೊಡ್ಡಕ್ಕ ಓದಿದಳು, ಗಟ್ಟಿಯಾಗಿ, ಒಂದೊಂದೇ ಪದವಾಗಿ. "ನಿಮ್ಮ ಗುರುತನ್ನು ಖಚಿತಪಡಿಸಿಕೊಳ್ಳಲು ನಿಮ್ಮ ಫೋನಿಗೆ ಒಂದು ನಂಬರ್ ಕಳಿಸಿದ್ದೇವೆ." ಇಷ್ಟನ್ನು ಅವಳು ಹಿಂದೆಯೂ ಓದಿದ್ದಳು. ಪ್ರತಿ ಸಲ ಇಲ್ಲಿಗೆ ನಿಲ್ಲಿಸಿ ಫೋನ್ ಕೈಗೆತ್ತಿಕೊಂಡಿದ್ದಳು. ಈಗ ಮುಂದಕ್ಕೆ ಓದಿದಳು. "ನಲವತ್ತಾರರಲ್ಲಿ ಕೊನೆಯಾಗುವ ಈ ಫೋನ್ ನಿಮ್ಮದಲ್ಲದಿದ್ದರೆ ನಿಮ್ಮ ಮೇಲ್ವಿಚಾರಕರಿಗೆ..." ಅಷ್ಟಕ್ಕೆ ದನಿ ನಿಂತುಹೋಯಿತು.

ಅದು ಅವಳ ಹಳೆಯ ನಂಬರು. ಗಂಡ ಹೆಂಡತಿ ಇಬ್ಬರ ಫೋನೂ ಒಂದೇ ಕಂಪನಿಯ ಒಂದೇ ಪ್ಲಾನಿನಲ್ಲಿದ್ದರೆ ಅಗ್ಗವೆಂದು ಕಳೆದ ವರ್ಷ ಬಿಟ್ಟುಬಿಟ್ಟ ನಂಬರು. ಇಷ್ಟು ದಿನವೂ ಅವಳ ಗುರುತು ಕೇಳಿಕೊಂಡು ಆ ನಂಬರುಗಳು ಯಾರದೋ ಜೇಬಿಗೆ ಹೋಗಿ ಬೀಳುತ್ತಿದ್ದವು. ಪರದೆ ಅದನ್ನು ಮೊದಲ ದಿನದಿಂದಲೂ ಹೇಳುತ್ತಲೇ ಇತ್ತು.

"ಅಷ್ಟೇನಾ?" ಎಂದ ಮಾಲೀಕ. "ನಂಬರ್ ಬದಲಾಯಿಸೋದು ಎರಡು ನಿಮಿಷದ ಕೆಲಸ. ಒಂದು ಮಾತು ಕೇಳಬಾರದಿತ್ತಾ ದೊಡ್ಡಕ್ಕ?"

"ಕೇಳೋಕೆ ನಾಚಿಕೆ ಆಯ್ತು."

ಅವಳು ಅಂದದ್ದು ಅಷ್ಟೇ. ಆಗ ಮಾಮ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನಂದೂ ಬರಲ್ಲ ಸರ್" ಎಂದ. "ನಾನೂ ಆ ಹಸಿರಿನಲ್ಲೇ ಹೋಗ್ತಿದ್ದೆ."

ಬಾಗಿಲಲ್ಲಿದ್ದ ಪ್ಲಾಸ್ಟರಿನವನು ತಲೆ ಕೆರೆದುಕೊಂಡ. ಕೂದಲಿಗೆಲ್ಲ ಬಿಳಿ ಹತ್ತಿತು. "ನಾನೂ ಅಷ್ಟೇ."

ಮಾಲೀಕ ತನ್ನ ಫೋನಿನಲ್ಲೇ ಆ ತಿಂಗಳ ಕೆಲಸವನ್ನೆಲ್ಲ ಮೇಲಿಂದ ಕೆಳಗೆ ಸರಿಸಿ ನೋಡಿದ. ಪ್ಲಾಸ್ಟರ್ ಹುಯ್ದದ್ದು ಹೊಸಬಳು, ಮೇಣ ಕೆತ್ತಿದ್ದು ಹೊಸಬಳು, ತಿಕ್ಕಿದ್ದು ಹೊಸಬಳು, ಪಾಸ್ ಮಾಡಿದ್ದೂ ಹೊಸಬಳು. "ಅಲ್ರೀ, ಇಡೀ ಲ್ಯಾಬನ್ನ ಒಬ್ಬಳೇ ನಡೆಸ್ತಿದ್ದಾಳಲ್ರೀ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ. "ಒಬ್ರಾದ್ರೂ ಕೇಳಬಾರದಿತ್ತಾ?"

"ನಾನು ಕೇಳಿದ್ದೆ" ಎಂದ ಮಾಮ, ಮೆಲ್ಲಗೆ.

ಯಾರನ್ನು ಎಂದು ಮಾಲೀಕ ಕೇಳಲಿಲ್ಲ. ಮಾಮನೂ ಹೇಳಲಿಲ್ಲ. ದೊಡ್ಡಕ್ಕ ತಲೆಯೆತ್ತದೆ ಕೂತಿದ್ದಳು. ಲಾಗಿನ್ ಬಾರದ್ದಕ್ಕೆ ಆದ ನಾಚಿಕೆ ಇದರ ಮುಂದೆ ಏನೇನೂ ಅಲ್ಲವೆಂದು ಅವಳಿಗೆ ಅನ್ನಿಸಿತು. ಅವತ್ತು ಗೊಳ್ಳೆಂದು ಎದ್ದ ನಗೆ, ಫೋನನ್ನು ಏಪ್ರನ್ನಿಗೆ ಒರೆಸಿಕೊಂಡು ಹೋದ ಮಾಮನ ಬೆನ್ನು, ಎಲ್ಲ ನೆನಪಾಯಿತು. ಇಡೀ ಲ್ಯಾಬಿನ ಬಾಯಿಗೆ ಬೀಗ ಹಾಕಿದ್ದು ಅವಳೇ. ಆ ಬೀಗಕ್ಕೆ ಕೊನೆಗೆ ತಾನೂ ಸಿಕ್ಕಿಬಿದ್ದಿದ್ದಳು.

"ತಪ್ಪಾಯ್ತು ಮಾಮ" ಎಂದಳು. ಎಷ್ಟೋ ವರ್ಷಗಳಲ್ಲಿ ಆ ಕೋಣೆಯೊಳಗೆ ಅವಳು ಆಡದ ಮಾತು ಅದು.

"ಅಯ್ಯೋ ಬಿಡಿ ಅಕ್ಕ" ಎಂದು ಮಾಮ ಯಂತ್ರದ ಕಡೆ ಹೊರಳಿದ. ಅವನು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಾಲೀಕ ಅವಳ ಫೋನಿನ ಆ್ಯಪ್ ತೆರೆದು ನಂಬರ್ ಬದಲಾಯಿಸಿಕೊಟ್ಟ. ಅವನು ಹೇಳಿದಷ್ಟೇ ಹೊತ್ತು ಹಿಡಿಯಿತು. ಫೋನು ಕಿಣಿಕಿಣಿ ಎಂದಿತು, ನಂಬರ್ ಕೊಟ್ಟಳು, ನೇರಳೆ ಬಿಲ್ಲೆ ತೆರೆಯಿತು. ಒಳಗೆ ಡಾಕ್ಟರುಗಳ ಸೂಚನೆಗಳು ಒಂದರ ಮೇಲೊಂದು ಬಂದು ಕೂತಿದ್ದವು, ಒಂದನ್ನೂ ಯಾರೂ ತೆರೆದಿರಲಿಲ್ಲ. ಡಾಕ್ಟರಮ್ಮನದೂ ಇತ್ತು. 'ಬಣ್ಣ ಒಂದು ಮೆಟ್ಟಿಲು ಮಂದ ಮಾಡಿ. ಇವರು ತುಂಬಾ ಸಂಕೋಚದವರು. ನಿಮ್ಮ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ.' ದೊಡ್ಡಕ್ಕ ಅದನ್ನು ಕೊನೆಯ ಅಕ್ಷರದವರೆಗೂ ಓದಿದಳು. ಆಮೇಲೆ ಫೋನ್ ಎತ್ತಿಕೊಂಡು ಡಾಕ್ಟರಮ್ಮನಿಗೆ ತಾನೇ ಮಾತಾಡಿದಳು. ತಪ್ಪು ಯಾರದು, ಹೇಗಾಯಿತು ಎಂದು ಒಂದನ್ನೂ ಬಿಡದೆ ಹೇಳಿದಳು. ಆ ಕಡೆಯಿಂದ ಬಂದದ್ದನ್ನೆಲ್ಲ ಹೂಂ, ಹೂಂ ಎಂದು ಕೇಳಿಸಿಕೊಂಡಳು.

ಮಾಲೀಕ ಹೊಸಬಳ ಹತ್ತಿರ ಹೋಗಿ, "ತೆರೆದಿಟ್ಟಿದ್ದು ತಪ್ಪೇ" ಎಂದ. "ತಪ್ಪೇ ಸರ್" ಎಂದಳು. "ನಾಳೆ ಬನ್ನಿ" ಎಂದ. ಅವಳು ಬಟ್ಟೆ ಬಿಚ್ಚಿ ಸಲಾಕೆಗಳನ್ನು ಮತ್ತೆ ಮೇಣದ ಮೇಜಿನ ಮೇಲೆ ಜೋಡಿಸಿದಳು. ವಾಪಸು ಬಂದ ಎರಡು ಹಲ್ಲುಗಳನ್ನು ಹೊಸದಾಗಿ ಮಾಡುವ ಕೆಲಸವನ್ನು ಅವತ್ತೇ ಹಿಡಿದಳು.

ಮರುದಿನ ದೊಡ್ಡಕ್ಕ ಲ್ಯಾಬಿಗೆ ಎಲ್ಲರಿಗಿಂತ ಮುಂಚೆ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಹೊಸಬಳು ಬಂದು ಬೀಗ ತೆಗೆದಳು. ಇಬ್ಬರೂ ಒಳಗೆ ಹೋದರು. ದೀಪ ಹಾಕಿ, ಕಂಪ್ಯೂಟರು ಹಚ್ಚಿದ ಮೇಲೆ ದೊಡ್ಡಕ್ಕ ಅಂದಳು, "ಪಕ್ಕದಲ್ಲಿ ನಿಂತ್ಕೊ. ನಾನು ಓದ್ತೀನಿ. ಸಾಲು ಬಿಟ್ರೆ ಹೇಳು."

ಅವಳು ಓದಿದಳು. ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು, ಜೋರಾಗಿ. ಆಗಲೇ ಬಂದ ಮಾಮ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ನಿಧಾನ ಮಾಡಿದ. ಅವನು ಬೇಕೆಂದೇ ನಿಧಾನ ಮಾಡುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಮುಖ ಬಿಸಿಯಾದರೂ ದನಿ ತಗ್ಗಿಸಲಿಲ್ಲ. ನಂಬರ್ ಬಂತು, ಕೊಟ್ಟಳು. ಕೊನೆಗೆ ಪರದೆಯ ಮೇಲೆ ಒಂದು ಪ್ರಶ್ನೆ ಎದ್ದಿತು: ಮುಂದಿನ ಸಲ ಏನೂ ಕೇಳದೆ ಒಳಗೆ ಬಿಡಬೇಕೇ?

ಹೊಸಬಳ ಬೆರಳು ರೂಢಿಯಂತೆ 'ಹೌದು' ಎಂಬುದರ ಕಡೆ ಹೋಯಿತು. ದೊಡ್ಡಕ್ಕ ಅವಳ ಕೈ ಹಿಡಿದುಕೊಂಡಳು.

"ಬೇಡ ಕಣೆ. ದಿನಾ ಕೇಳ್ಲಿ."

'ಬೇಡ' ಎಂಬುದನ್ನು ತಾನೇ ಒತ್ತಿದಳು. ಆಮೇಲೆ ಸ್ಟೂಲಿನಿಂದ ಎದ್ದು, ಬಾಗಿಲ ಕಡೆ ತಿರುಗಿ, "ಬನ್ನಿ ಮಾಮ. ಫೋನ್ ತನ್ನಿ, ಇಬ್ರೂ ಸೇರಿ ನೋಡೋಣ" ಎಂದಳು.